ಕೋಲಾರದ ಬೋರ್ ನೀರಿಗೆ ಯಾವ ವಾಷಿಂಗ್ ಮಷೀನು? ಸೆಮಿನಾ, ಟಾಪ್ ಲೋಡಾ, ಫ್ರಂಟ್ ಲೋಡಾ

ನಮ್ಮನೇಲಿ ಈಗಿರೋದು ಫ್ರಂಟ್ ಲೋಡು, ಮುಳಬಾಗಿಲಲ್ಲಿ ಅಮ್ಮನ ಹತ್ರ ಸೆಮಿ ಆಟೋಮ್ಯಾಟಿಕ್ಕು, ಹಿಂದೆ ಬಾಡಿಗೆ ಮನೇಲಿದ್ದಾಗ ಟಾಪ್ ಲೋಡ್ ಇತ್ತು. ಮೂರರಲ್ಲೂ ಇದೇ ಬೋರ್ ನೀರಲ್ಲಿ ಬಟ್ಟೆ ಒಗ್ದಿದೀನಿ. ಅಂಗಡೀಲಿ ಎಷ್ಟು ಸ್ಟಾರ್ ಅಂತ ಕೇಳೋಕೆ ಮುಂಚೆ ನಿಮ್ಮನೆ ನಲ್ಲಿ ಬಾಯಲ್ಲಿ ಎಷ್ಟು ಬಿಳೀ ಕರೆ ಕಟ್ಟೈತೆ ಅಂತ ನೋಡ್ಕೊಳ್ಳಿ, ಆಮೇಲೆ ಮಿಕ್ಕಿದ್ದು.

ಟಾಪ್ ಲೋಡ್ ಬಟ್ಟೆ ಮುಳುಗೋಷ್ಟು ನೀರು ಕುಡಿಯುತ್ತೆ, ಜಾಲಿಸೋಕೆ ಮತ್ತೆ ಅಷ್ಟೇ ತುಂಬಿಸ್ಕೊಳ್ಳುತ್ತೆ, ಟ್ಯಾಂಕರ್ ಹಾಕಿಸ್ಕೊಳ್ಳೋ ಮನೆಗೆ ಆಗ್ಬರಲ್ಲ. ಒಂದ್ಸಲ ಅಡೀಲಿಂದ ಇಲಿ ನುಗ್ಗಿ ವೈರ್ ಬೇರೆ ಕಡಿದಿತ್ತು.

ಸೆಮಿ ನೋಡೋಕೆ ಹಳೇಕಾಲದ್ದು, ಪಕ್ಕದಲ್ಲಿ ನಿಂತಿರ್ಬೇಕು, ಒದ್ದೆ ಬಟ್ಟೆ ಒಗೆಯೋ ಟಬ್ಬಿಂದ ಹಿಂಡೋ ಟಬ್ಬಿಗೆ ಎತ್ತಿ ಹಾಕ್ಬೇಕು, ಸೊಂಟ ನೋವಿದ್ದೋರಿಗೆ ಕಷ್ಟವೇ. ಆದ್ರೆ ಅಮ್ಮ ಒಂದೇ ಸೋಪಿನ ನೀರಲ್ಲಿ ಮೊದ್ಲು ಬಿಳೀದು, ಆಮೇಲೆ ಬಣ್ಣದ್ದು, ಕೊನೇಗೆ ಕಾಲೊರಸು ತಿರುಗಿಸ್ತಾರೆ, ಈ ಕೆಲ್ಸ ಯಾವ ಆಟೋಮ್ಯಾಟಿಕ್ಕೂ ಮಾಡಲ್ಲ. ಕೆಟ್ರೂ ಟೈಮರ್ರು, ಬೆಲ್ಟು, ಕೆಪಾಸಿಟರ್ರು, ಇಷ್ಟೇ. ಮುಳಬಾಗಿಲಲ್ಲೇ ಪಾರ್ಟ್ ಸಿಗುತ್ತೆ, ಮೆಕ್ಯಾನಿಕ್ ಬಂದು ಅಲ್ಲೇ ಕೂತು ಮುಗಿಸಿ ಹೋಗ್ತಾನೆ.

ಫ್ರಂಟ್ ಲೋಡ್ ಒಗೆಯೋದ್ರಲ್ಲಿ ಎರಡು ಮಾತಿಲ್ಲ. ಡ್ರಮ್ ಅಡ್ಡಕ್ಕೆ ತಿರುಗೋದ್ರಿಂದ ತಳದಲ್ಲಿರೋ ಸ್ವಲ್ಪ ನೀರಲ್ಲೇ ಬಟ್ಟೆ ಬಿದ್ದು ಎದ್ದು ಒಗೆದುಹೋಗುತ್ತೆ, ನಿಮಿಷಕ್ಕೆ 1000 ಸುತ್ತಿನ ಮೇಲೆ ಹಿಂಡೋದ್ರಿಂದ ಮಳೆಗಾಲದಲ್ಲೂ ಬೇಗ ಒಣಗುತ್ತೆ. ಕರೆಂಟ್ ತಿನ್ನೋದು ಮೋಟ್ರಲ್ಲ, ಹೀಟರ್ರು, ಅದು 2000 ವಾಟ್ ಹತ್ರ ಎಳೆಯುತ್ತೆ. ಗೃಹಜ್ಯೋತಿಯ ಫ್ರೀ ಕರೆಂಟ್ ಇರೋರಿಗೆ ಇದು ಲೆಕ್ಕಕ್ಕೆ ಬರುತ್ತೆ, ನಿಮ್ಮ ಪಾಲಿನ ಯೂನಿಟ್ ದಾಟಿದ್ರೆ ಮೇಲಿಂದಕ್ಕೆ ದುಡ್ಡು ಕಟ್ಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲೇ ಬರುತ್ತೆ.

ಆ ಹೀಟರೇ ನಮ್ಮ ಗಡಸು ನೀರಿಗೆ ಮೊದ್ಲು ಬಲಿ. ನೀರು ಕಾದಾಗ ಅದರಲ್ಲಿರೋ ಸುಣ್ಣ ಬೇರೆಯಾಗಿ ಕಾಯಿಲ್‌ಗೆ ಹತ್ಕೊಳ್ಳುತ್ತೆ. ನಮ್ಮದನ್ನ ಮೆಕ್ಯಾನಿಕ್ ಹೊರಗೆಳೆದಾಗ ಕಾಯಿಲ್ ಕಾಣ್ತಾನೇ ಇರ್ಲಿಲ್ಲ, ಸ್ಕ್ರೂಡ್ರೈವರ್ ಹಿಡಿಯಲ್ಲಿ ಕುಟ್ಟಿದ್ರೆ ಹಳೇ ಗೋಡೆ ಗಾರೆ ಥರ ಚಕ್ಕೆ ಚಕ್ಕೆ ಉದುರ್ತು, ಒಳಗಡೆ ಲೋಹ ಕಪ್ಪಾಗಿ ಬಿರುಕು ಬಿಟ್ಟಿತ್ತು. ಸುಣ್ಣದ ಪದರ ದಪ್ಪ ಆದಷ್ಟೂ ಕಾಯಿಲ್ ಶಾಖ ನೀರಿಗೆ ಹೋಗಲ್ಲ, ಮಷೀನು ಜಾಸ್ತಿ ಹೊತ್ತು ಕಾಯಿಸ್ತಾ ಕೂರುತ್ತೆ, ಐದು ಸ್ಟಾರ್ ಇದ್ರೂ ಅಷ್ಟೆ, ಕೊನೆಗೆ ಕಾಯಿಲ್ಲೇ ಸುಟ್ಟೋಗುತ್ತೆ. ಈಗ ದಿನದ ಬಟ್ಟೆಗೆಲ್ಲ ತಣ್ಣೀರೇ. ಆಗಾಗ ಬಟ್ಟೆ ಇಲ್ದೆ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಬಿಸಿ ನೀರಲ್ಲಿ ಓಡಿಸ್ತೀನಿ, ಕಿರಾಣಿ ಅಂಗಡೀಲಿ ನಿಂಬೆ ಉಪ್ಪು ಅಂದ್ರೆ ಕೊಡ್ತಾರೆ. ಬ್ಲೀಚಿಂಗ್ ಜತೆ ಮಾತ್ರ ಬೆರೆಸ್ಬೇಡಿ, ವಿಷದ ಗಾಳಿ ಬರುತ್ತೆ.

ಫ್ರಂಟ್ ಲೋಡಲ್ಲಿ ಇನ್ನೊಂದು, ಡ್ರಮ್ ತಿರುಗೋಕೆ ಆಧಾರವಾಗಿರೋ ಬೇರಿಂಗು. ಕೆಲವು ಮಷೀನಲ್ಲಿ ಹೊರಗಿನ ಟಬ್ಬು ಎರಡು ಭಾಗ, ಸ್ಕ್ರೂ ಬಿಚ್ಚಿ ಬೇರಿಂಗ್ ಒಂದನ್ನೇ ಹಾಕ್ಬೋದು. ಕೆಲವ್ರದ್ದು ವೆಲ್ಡ್ ಮಾಡಿ ಮುಚ್ಚಿರ್ತಾರೆ, ಸಣ್ಣ ಬೇರಿಂಗ್ ಹೋದ್ರೂ ಇಡೀ ಟಬ್ಬೇ ಬದಲಾಯಿಸಿ ಅಂತಾರೆ, ಆ ದುಡ್ಡಿಗೆ ಹೊಸಾ ಸೆಮೀನೇ ಬರ್ಬೋದು. ಸೇಲ್ಸ್ ಹುಡುಗ್ರಿಗೆ ಇದು ಗೊತ್ತಿರಲ್ಲ, ರಿಪೇರಿ ಮಾಡೋರ ಹತ್ರ ಮಾಡೆಲ್ ನಂಬರ್ ಹೇಳಿ ಕೇಳ್ಬೇಕು.

ನಾನಂತೂ ಫ್ರಂಟ್ ಲೋಡ್ ಬಿಡಲ್ಲ, ಸ್ಕ್ರೂ ಟಬ್ ಇರೋದೇ ಬೇಕು ಅಷ್ಟೆ. ಅಮ್ಮನ ಮಷೀನು ಹೋದ್ರೆ ಅವ್ರಿಗೆ ಮತ್ತೆ ಸೆಮೀನೇ ಕೊಡ್ಸೋದು, ಬೇರೇದು ತಂದ್ರೆ ಕಾಲೊರಸು ಎಲ್ಲಿ ಹಾಕ್ಲಿ ಅಂತ ಜಗಳಕ್ಕೆ ಬರ್ತಾರೆ.