ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಕೊಡಬೇಡಿ

ಉಗಾಂಡಾ, ಮಲಾವಿಯಂಥ ಬಡ ದೇಶಗಳ ಆಸ್ಪತ್ರೆಗಳಲ್ಲಿ ಮತ್ತೆ ಮತ್ತೆ ಆಗುವ ಅನಾಹುತ ಇದು. ಏಳೆಂಟು ವರ್ಷದ ಮಗುವಿಗೆ ದವಡೆ ಊದಿ, ಹಲ್ಲು ಅಲ್ಲಾಡುತ್ತಿರುತ್ತದೆ. ಹಲ್ಲಿನ ಸೋಂಕೆಂದು ಆ್ಯಂಟಿಬಯೋಟಿಕ್ ಕೊಡುತ್ತಾರೆ, ಹಲ್ಲು ಕೀಳುತ್ತಾರೆ. ಕತ್ತಿನ ಗಂಟಾದರೆ ಪರೀಕ್ಷೆಯೇ ಇಲ್ಲದೆ ಟಿಬಿ ಮಾತ್ರೆ. ಕೊನೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ಊತ ಬೇಗ ಇಳಿಯುತ್ತದೆ, ಮನೆಯವರು ಸಮಾಧಾನಪಡುತ್ತಾರೆ. ರೋಗ ಪತ್ತೆ ಕೆಡುವುದು ಅಲ್ಲೇ.

ಅದು ಬರ್ಕಿಟ್ ಲಿಂಫೋಮಾ ಎಂಬ, ಬಿಳಿರಕ್ತಕಣಗಳ ಕ್ಯಾನ್ಸರ್ ಆಗಿರಬಹುದು. 1958ರಲ್ಲಿ ಡೆನಿಸ್ ಬರ್ಕಿಟ್ ಎಂಬ ಶಸ್ತ್ರಚಿಕಿತ್ಸಕ ಉಗಾಂಡಾದ ಮಕ್ಕಳಲ್ಲಿ ಗುರುತಿಸಿ ಬರೆದ ಗಡ್ಡೆ ಇದೇ. ಒಂದೆರಡು ದಿನಕ್ಕೇ ದುಪ್ಪಟ್ಟಾಗುವಷ್ಟು ವೇಗ ಅದಕ್ಕಿದೆ. ಕೀಮೋಗೆ ಚೆನ್ನಾಗಿ ಕರಗುವುದೂ ಹೌದು. ಆದರೆ ಸ್ಟೀರಾಯ್ಡ್ ಬಿದ್ದ ಮೇಲೆ ಬಯಾಪ್ಸಿಗೆಂದು ತೆಗೆದ ಗಡ್ಡೆಯ ತುಣುಕಿನಲ್ಲಿ ಸತ್ತ ಜೀವಕೋಶಗಳೇ ಸಿಗಬಹುದು. ರಕ್ತ ಕ್ಯಾನ್ಸರಿನಲ್ಲೂ ಹೀಗೇ: ಅಸ್ಥಿಮಜ್ಜೆ ಕೆಲಕಾಲ ಸರಿಯಿದ್ದಂತೆ ಕಂಡು, ರೋಗ ಮತ್ತೆ ಬರುತ್ತದೆ. ಮಲೇರಿಯಾ ಪಾಸಿಟಿವ್ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಔಷಧಿ ಮುಗಿದರೂ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಏರದಿದ್ದರೆ ರಕ್ತದ ಸ್ಲೈಡನ್ನು ಬ್ಲಾಸ್ಟ್ ಕೋಶಗಳಿಗಾಗಿ, ಅಂದರೆ ರಕ್ತ ಕ್ಯಾನ್ಸರಿನಲ್ಲಿ ಕಾಣುವ ಬಲಿಯದ ಕೋಶಗಳಿಗಾಗಿ, ನೋಡಿಸಿ. ಎದೆಯ ಗಡ್ಡೆ ಶ್ವಾಸನಾಳ ಒತ್ತಿ ಜೀವಕ್ಕೆ ಕುತ್ತಾದಾಗ ಮಾತ್ರ ಸ್ಟೀರಾಯ್ಡ್ ಮೊದಲು ಬರಬಹುದು. ಆಗಲೂ ಸಾಧ್ಯವಾದರೆ ರಕ್ತದ ಸ್ಲೈಡ್, ಎದೆನೀರು ಮೊದಲೇ ತೆಗೆದಿಡಿ.

ಇನ್ನೊಂದು ಅನಾಹುತ ಡಬ್ಬಿಯೊಳಗೆ. ಶುಕ್ರವಾರ ತೆಗೆದ ತುಣುಕು ಸಲೈನಿನಲ್ಲಿ ಸೋಮವಾರದವರೆಗೆ ಕೊಳೆಯುತ್ತದೆ. ಅಥವಾ ತುಣುಕು ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವವನ್ನು ಅಂಗಡಿಯಿಂದ ತಂದಂತೆಯೇ, ನೀರು ಬೆರೆಸದೆ ಗಟ್ಟಿಯಾಗಿ ಸುರಿದಿರುತ್ತಾರೆ. ಬೇಕಾದದ್ದು 10% ಬಫರ್ಡ್ ಫಾರ್ಮಲಿನ್: 100 ಮಿ.ಲೀ. ಗಟ್ಟಿ ಫಾರ್ಮಲಿನ್, 900 ಮಿ.ಲೀ. ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್, 6.5 ಗ್ರಾಂ ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಲವಣ ಬಿಟ್ಟರೆ ದ್ರಾವಣ ಆಮ್ಲೀಯವಾಗಿ ಸ್ಲೈಡಿನಲ್ಲಿ ಕಪ್ಪು ಕಣ ಕೂರುತ್ತದೆ. ತುಣುಕಿನ ಗಾತ್ರದ ಹತ್ತು ಪಟ್ಟು ದ್ರಾವಣವಿರಲಿ, ಡಬ್ಬಿಯ ಬಾಯಿ ಅಗಲವಿರಲಿ. ಹೆಸರು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಯಿರಿ. ವಯಸ್ಸು, ಗಡ್ಡೆಯಿರುವ ಜಾಗ, ಎಷ್ಟು ದಿನದಿಂದ, ಎಚ್‌ಐವಿ, ಈಗಾಗಲೇ ಕೊಟ್ಟ ಔಷಧಿ, ಇವಿಲ್ಲದ ಚೀಟಿ ಕಳಿಸಿದರೆ ಪೆಥಾಲಜಿ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ವರದಿಯಲ್ಲಿ 'ಸ್ಮಾಲ್ ರೌಂಡ್ ಬ್ಲೂ ಸೆಲ್ ಟ್ಯೂಮರ್' (ಸಣ್ಣ, ದುಂಡಗಿನ, ನೀಲಿ ಕೋಶಗಳ ಗಡ್ಡೆ) ಎಂದಷ್ಟೇ ಬಂದರೆ ರೋಗದ ಹೆಸರು ಇನ್ನೂ ಸಿಕ್ಕಿಲ್ಲ. ಲಿಂಫೋಮಾ, ನ್ಯೂರೋಬ್ಲಾಸ್ಟೋಮಾ, ಯೂಯಿಂಗ್, ರಾಬ್ಡೋಮಯೋಸಾರ್ಕೋಮಾ ಎಂಬ ಕ್ಯಾನ್ಸರುಗಳೆಲ್ಲವೂ ಮಾಮೂಲಿ ಬಣ್ಣದಲ್ಲಿ ಒಂದೇ ಥರ ಕಾಣಬಲ್ಲವು, ಔಷಧಿ ಮಾತ್ರ ಬೇರೆ ಬೇರೆ. ಸಿಡಿ20, ಡೆಸ್ಮಿನ್, ಮಯೋಜೆನಿನ್, ಸಿಡಿ99ರಂಥ ಗುರುತಿನ ಪ್ರೋಟೀನ್‌ಗಳನ್ನು ಕೋಶಗಳಲ್ಲಿ ಹುಡುಕುವ ಇಮ್ಯುನೋ ಪರೀಕ್ಷೆ ಮಾಡಿಸಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೇ ಬೇರೆ ಲ್ಯಾಬಿಗೆ ಕಳಿಸಬಹುದು. ಆಫ್ರಿಕಾದಿಂದ ಬೆಂಗಳೂರಿಗೆ ಚಿಕಿತ್ಸೆಗೆ ಬರುವ ಕುಟುಂಬಗಳಿಗೂ ಇದನ್ನು ಮುಂಚೆಯೇ ಹೇಳಿ: ವರದಿಯ ಹಾಳೆ ಸಾಲದು, ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆದು ಕೈಚೀಲದಲ್ಲೇ ತರಲಿ.