ಶಾಲಾ ತಂಡಕ್ಕೆ ಬ್ಯಾಂಡ್ ಸೆಟ್ ಬಾಡಿಗೆ: ಮೈಸೂರಿನ ದೇವರಾಜ ಮಾರುಕಟ್ಟೆ ಬಳಿಯ ಅಂಗಡಿ

ಹೈಸ್ಕೂಲ್ ಆಟಗಾರರನ್ನು ಹುರಿದುಂಬಿಸುವ ಮಕ್ಕಳ ಗುಂಪಿಗೆ ನಾಲ್ಕು ಸೈಡ್ ಡ್ರಮ್, ಒಂದು ಬೇಸ್ ಡ್ರಮ್, ಒಂದು ಜೊತೆ ಸಿಂಬಲ್ಸ್ ಧಾರಾಳವಾಯಿತು. ಎಲ್ಲವೂ ಇಲ್ಲಿ ಬಾಡಿಗೆಗೆ ಸಿಗುತ್ತವೆ. ಬ್ಯೂಗಲ್ ಬೇಡ, ಅದನ್ನು ಊದಲು ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಸೈಡ್ ಡ್ರಮ್ 14 ಇಂಚಿನವು. ಚರ್ಮದ ಹೊದಿಕೆಯದ್ದಕ್ಕೆ ನಾದ ಚೆಂದ, ನಿಜ. ಆದರೆ ಮಳೆಗಾಲದ ಕ್ರೀಡಾಕೂಟದಲ್ಲಿ ಅದು ತೇವ ಹೀರಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ಕಿನದ್ದನ್ನೇ ಕೇಳಿ.

ಒಯ್ಯುವ ಮುಂಚೆ ಅಲ್ಲೇ ಪರೀಕ್ಷಿಸಿ. ಅಂಚಿನಿಂದ ಎರಡು ಇಂಚು ಒಳಗೆ, ಪ್ರತಿ ಬೋಲ್ಟಿನ ಎದುರು ಮೆಲ್ಲಗೆ ತಟ್ಟಿದರೆ ಒಂದೇ ಶ್ರುತಿ ಬರಬೇಕು. ಬರದಿದ್ದರೆ ಒಂದು ಬೋಲ್ಟನ್ನು ಕಾಲು ಸುತ್ತು, ಆಮೇಲೆ ಅದರ ನೇರ ಎದುರಿನದನ್ನು ಅಷ್ಟೇ ಬಿಗಿಯಬೇಕು. ಅಂಗಡಿಯ ಹುಡುಗರು ಅವಸರದಲ್ಲಿ ಪಕ್ಕಪಕ್ಕದವನ್ನೇ ಬಿಗಿದುಬಿಡುತ್ತಾರೆ. ಆಗ ರಿಂಗ್ ವಾರೆಯಾಗಿ, ಹೊದಿಕೆ ಒಂದು ಕಡೆ ಜಗ್ಗಿ ಸೀಳುತ್ತದೆ. ದಂಡ ಮಾತ್ರ ಶಾಲೆಗೆ! ಸೈಡ್ ಡ್ರಮ್ಮಿನ ಕೆಳಹೊದಿಕೆಗೆ ತಾಗಿರುವ ತಂತಿಗಳು ಜೋತುಬಿದ್ದಿದ್ದರೆ ಪೆಟ್ಟು ಸ್ಪಷ್ಟವಾಗಿ ಬರದೆ ಗರಗರ ಎನ್ನುತ್ತದೆ. ಸಿಂಬಲ್ಸ್ ಪಟ್ಟಿಯ ಗಂಟನ್ನೂ ಎಳೆದು ನೋಡಿ.

ಕಬಡ್ಡಿಗೆ ಒಯ್ಯುವವರು ಗಮನಿಸಿ: ರೈಡರ್ ಎದುರು ಅಂಕಣಕ್ಕೆ ಕಾಲಿಡುವ ಮುಂಚೆಯೇ ಡ್ರಮ್ ನಿಲ್ಲಬೇಕು. ಅವನ ‘ಕಬಡ್ಡಿ ಕಬಡ್ಡಿ’ ಅಂಪೈರಿಗೆ ಕೇಳಬೇಕಲ್ಲ. ತಾಳ ಹಿಡಿಸುವವರ ಕೈಯಲ್ಲಿ ಸೀಟಿಯೂ ಬೇಡ, ಆಟಗಾರರು ಅಂಪೈರ್ ಸೀಟಿಯೆಂದು ನಿಂತುಬಿಡುತ್ತಾರೆ. ಬಾವುಟ ಸಾಕು.

ಬಾಡಿಗೆ ದುಬಾರಿಯೇನಲ್ಲ, ಸಾಮಾನು ಗಟ್ಟಿ. ಬೇಸ್ ಡ್ರಮ್ಮಿನ ಹೆಗಲ ಬೆಲ್ಟನ್ನು ಮಾತ್ರ ಕೇಳಿಯೇ ಪಡೆಯಿರಿ, ಅವರಾಗಿ ಕೊಡುವುದಿಲ್ಲ.