ಎಪಿಡ್ಯೂರಲ್ಲೋ, ಸ್ಪೈನಲ್ಲೋ?

ಹೆರಿಗೆ ನೋವಿಗೋ ಸಿಸೇರಿಯನ್‌ಗೋ ಬೆನ್ನಿಗೆ ಕೊಡುವ ಅರಿವಳಿಕೆಯ ಎರಡು ಬಗೆ ಇವು. ಎರಡೂ ಚುಚ್ಚುವುದು ಸೊಂಟದ ಹತ್ತಿರವೇ, ಸೂಜಿ ನಿಲ್ಲುವ ಜಾಗ ಬೇರೆ. ಸ್ಪೈನಲ್‌ನಲ್ಲಿ 25–27 ಗೇಜಿನ (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣ) ಸಣ್ಣ ಸೂಜಿ ಬೆನ್ನುಹುರಿಯ ಸುತ್ತಲಿನ ದ್ರವದವರೆಗೆ ಹೋಗುತ್ತದೆ. ಮರಗಟ್ಟಿಸುವ ಔಷಧ ಬುಪಿವಕೇನ್ ಸುಮಾರು 2 ಮಿ.ಲೀ. ಕೊಟ್ಟರೆ ಐದು ನಿಮಿಷದಲ್ಲೇ ಕಾಲು ಮರಗಟ್ಟುತ್ತದೆ, ಒಂದೂವರೆ–ಎರಡು ಗಂಟೆಗೆ ಇಳಿಯುತ್ತದೆ. ಮೊದಲೇ ಗೊತ್ತುಮಾಡಿದ ಸಿಸೇರಿಯನ್‌ಗೆ ಸಾಮಾನ್ಯವಾಗಿ ಇದೇ ಸರಿ. ಬಿಪಿ ಮಾತ್ರ ಥಟ್ಟನೆ ಕುಸಿಯಬಹುದು.

ಹೆರಿಗೆ ನೋವು ಹತ್ತು ಗಂಟೆ ಎಳೆದರೆ? ಅಲ್ಲಿ ಎಪಿಡ್ಯೂರಲ್ಲೇ ಬೇಕು. 16–18 ಗೇಜಿನ ದಪ್ಪ ಸೂಜಿ ದ್ರವದ ಪೊರೆಯ ಹೊರಗೇ ನಿಲ್ಲಬೇಕು: ಸಿರಿಂಜ್ ಒತ್ತುತ್ತ ಹೋದಂತೆ ಬಿಗಿ ಒಮ್ಮೆಲೇ ಸಡಿಲವಾದರೆ ಜಾಗ ಸಿಕ್ಕಿತೆಂದು ಲೆಕ್ಕ. ಸೂಜಿ ತೆಗೆದು, ತೆಳು ನಳಿಕೆ ಉಳಿಸಿ, 0.1% ಬುಪಿವಕೇನ್ ಜೊತೆ ಮಿ.ಲೀ.ಗೆ 2 ಮೈಕ್ರೊಗ್ರಾಂ ಫೆಂಟನಿಲ್ (ಬಲವಾದ ನೋವು ನಿವಾರಕ) ಕೊಡುವುದು ರೂಢಿ. ನೋವು ಇಳಿಯಲು 15–20 ನಿಮಿಷ ಬೇಕು. ಸಿಸೇರಿಯನ್ ಎಂದಾದರೆ ಅದೇ ನಳಿಕೆಯಲ್ಲಿ ಹೆಚ್ಚು ಸಾಂದ್ರತೆಯ ಔಷಧ.

ಒಂದೇ ಪಕ್ಕ ಮರಗಟ್ಟುವುದು ಎಪಿಡ್ಯೂರಲ್‌ನ ಹಳೇ ಕಿರಿಕಿರಿ. ನಳಿಕೆಯನ್ನು 1–2 ಸೆಂ.ಮೀ. ಹಿಂದೆಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ದಪ್ಪ ಸೂಜಿ ಪೊರೆ ತೂತುಮಾಡಿದರೆ, ಕೂತಾಗ ಏರಿ ಮಲಗಿದಾಗ ಇಳಿಯುವ ತಲೆನೋವು ಬರಬಹುದು. ಜೀವನವಿಡೀ ಬೆನ್ನುನೋವು ಎಂಬ ಹೆದರಿಕೆಗೆ ಆಧಾರವಿಲ್ಲ.

ರಕ್ತ ತೆಳುಮಾಡುವ ಔಷಧ ತಗೊಳ್ಳುತ್ತಿದ್ದರೆ ಎರಡಕ್ಕೂ ಮುಂಚೆ ಹೇಳಿ. ರಾತ್ರಿ ಹೊತ್ತು ಅರಿವಳಿಕೆ ವೈದ್ಯರು ಇರುತ್ತಾರಾ ಅಂತಲೂ ಈಗಲೇ ಕೇಳಿಟ್ಟುಕೊಳ್ಳಿ.